144ರ ಅಂದಾಜು ತೆರಿಗೆ ಆದೇಶವನ್ನು ಮೇಲ್ಮನವಿಯಲ್ಲಿ ಎದುರಿಸುವುದು ಹೇಗೆ? ದಂಡದ ಆದೇಶಗಳೂ ಸೇರಿ ಸಮಗ್ರ ಮಾರ್ಗದರ್ಶಿ

ಆದಾಯ ತೆರಿಗೆ ಇಲಾಖೆಯ ನೋಟಿಸ್‌ಗೆ ಉತ್ತರ ಕೊಡದೆ ಸುಮ್ಮನಿದ್ದರೆ ವಿಷಯ ತಾನಾಗಿ ತಣ್ಣಗಾಗುತ್ತದೆ ಎಂಬ ನಂಬಿಕೆ ನಮ್ಮ ವ್ಯಾಪಾರಸ್ಥರಲ್ಲಿ ಗಟ್ಟಿಯಾಗಿದೆ. ತಣ್ಣಗಾಗುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 144ನೇ ಸೆಕ್ಷನ್ ಇರುವುದೇ ಇಂಥವರಿಗಾಗಿ. ರಿಟರ್ನ್ಸ್ ಸಲ್ಲಿಸದವರು, 142(1)ರ ನೋಟಿಸ್‌ಗೆ ಲೆಕ್ಕಪತ್ರ ಕೊಡದವರು, ವಿಶೇಷ ಆಡಿಟ್‌ನ ಸೂಚನೆ ಪಾಲಿಸದವರು, ರಿಟರ್ನ್ಸ್ ಸಲ್ಲಿಸಿದ್ದರೂ ಅದರ ಪರಿಶೀಲನೆಗೆ ಕರೆಯುವ 143(2)ರ ನೋಟಿಸ್‌ಗೆ ಓಗೊಡದವರು ಇವರೆಲ್ಲರ ಆದಾಯವನ್ನು ಅಧಿಕಾರಿ ತನ್ನ ಬಳಿ ಇರುವ ಮಾಹಿತಿಯಷ್ಟರಿಂದಲೇ ಅಂದಾಜು ಮಾಡಿ ತೆರಿಗೆ ನಿಗದಿಪಡಿಸಬಹುದು. ಲೆಕ್ಕದ ಪುಸ್ತಕಗಳು ನಂಬಲರ್ಹವಲ್ಲ ಎಂದು 145(3)ರಡಿ ತಳ್ಳಿಹಾಕಿದಾಗಲೂ ಇದೇ ದಾರಿ.

ಅಂದಾಜು ಎಂದರೆ ಬಾಯಿಗೆ ಬಂದ ಅಂಕಿ ಎಂದಲ್ಲ. ಇಂಥ ಅಂದಾಜಿನಲ್ಲಿ ಊಹೆಗೆ ಜಾಗವಿದ್ದರೂ ಅದು ಪ್ರಾಮಾಣಿಕವಾಗಿರಬೇಕು ಎಂದು ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1937ರಲ್ಲೇ ಲಕ್ಷ್ಮೀನಾರಾಯಣ ಬದ್ರಿದಾಸ್ ಪ್ರಕರಣದಲ್ಲಿ ಹೇಳಿತ್ತು. ಅಂದಾಜಿಗೂ ಕೈಯಲ್ಲಿರುವ ದಾಖಲೆಗೂ ನಂಟಿರಬೇಕು, ಅದು ಸೇಡು ತೀರಿಸಿಕೊಳ್ಳುವ ಸಾಧನವಾಗಬಾರದು ಎಂಬುದು ಸುಪ್ರೀಂ ಕೋರ್ಟ್ ವೇಲುಕುಟ್ಟಿ ಪ್ರಕರಣದಲ್ಲಿ ಹಾಕಿಕೊಟ್ಟ ಗೆರೆ. ಅದು ಕೇರಳದ ಮಾರಾಟ ತೆರಿಗೆಯ ಪ್ರಕರಣ. ಆದರೂ ಆದಾಯ ತೆರಿಗೆಯ ವಾದಗಳಲ್ಲಿ ಇಂದಿಗೂ ಮೊದಲು ಉಲ್ಲೇಖವಾಗುವುದು ಅದೇ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದರೂ ಅದಕ್ಕೂ ಹಿಂದಿನ ವರ್ಷಗಳ ಆದಾಯದ ತಗಾದೆಗಳು 1961ರ ಕಾಯ್ದೆಯಂತೆಯೇ ನಡೆಯುತ್ತವೆ. ಹಾಗಾಗಿ ಇಲ್ಲಿರುವ ಸೆಕ್ಷನ್ ಸಂಖ್ಯೆಗಳೆಲ್ಲ ಹಳೆಯ ಕಾಯ್ದೆಯವು.

ಒಂದು ಲೆಕ್ಕ ಮುಂದಿಟ್ಟುಕೊಳ್ಳೋಣ

ಉದಾಹರಣೆಗೆ ತಿಪಟೂರು ಕಡೆಯ ಒಬ್ಬ ಕಿರಾಣಿ ವ್ಯಾಪಾರಿಯನ್ನು ಕಲ್ಪಿಸಿಕೊಳ್ಳಿ. ಅಂಗಡಿಯ ಜೊತೆಗೆ ತೆಂಗಿನ ತೋಟವೂ ಇದೆ. 2019-20ರಲ್ಲಿ ಅವರ ಉಳಿತಾಯ ಖಾತೆಗೆ 38 ಲಕ್ಷ ರೂಪಾಯಿ ನಗದು ಜಮೆಯಾಗಿದೆ. ಉಳಿತಾಯ ಖಾತೆಯಲ್ಲಿ ವರ್ಷಕ್ಕೆ 10 ಲಕ್ಷ ಮುಟ್ಟಿದ ನಗದು ಜಮೆಯನ್ನು ಬ್ಯಾಂಕು ಇಲಾಖೆಗೆ ವರದಿ ಮಾಡಲೇಬೇಕು, ಮಾಡಿದೆ. ನೋಟಿಸ್‌ಗಳು ಬಂದವು, ಉತ್ತರ ಹೋಗಲಿಲ್ಲ. ಅಧಿಕಾರಿ ಅಷ್ಟೂ ಹಣವನ್ನು 69ಎ ಅಡಿ ‘ಮೂಲ ವಿವರಿಸದ ಹಣ’ ಎಂದು ಆದಾಯಕ್ಕೆ ಸೇರಿಸಿದರು.

69ಎ ಎಂದ ಕೂಡಲೇ ಇಂಥ ಹಣಕ್ಕೆ ವಿಶೇಷ ದರದ ತೆರಿಗೆ ಹಾಕುವ 115ಬಿಬಿಇ ಬರುತ್ತದೆ. ತೆರಿಗೆ ಶೇ 60, ಅಂದರೆ 22.80 ಲಕ್ಷ. ಅದರ ಮೇಲೆ ಶೇ 25 ಸರ್‌ಚಾರ್ಜ್, 5.70 ಲಕ್ಷ. ಎರಡರ ಮೇಲೂ ಶೇ 4 ಸೆಸ್, 1.14 ಲಕ್ಷ. ಒಟ್ಟು 29.64 ಲಕ್ಷ, ಜಮೆಯಾದ ಹಣದ ಶೇ 78. ಇದರ ಮೇಲೆ 234ಎ ಮತ್ತು 234ಬಿ ಅಡಿಯ ಬಡ್ಡಿ ತಿಂಗಳಿಗೆ ತಲಾ ಶೇ 1. ಆದೇಶ ಐದು ವರ್ಷ ಕಳೆದು ಬಂದರೆ ಬೇಡಿಕೆ ತೆರಿಗೆಯ ಎರಡು ಪಟ್ಟಿನ ಆಸುಪಾಸಿಗೆ ಹೋಗುತ್ತದೆ.

ಈಗ ಅದೇ 38 ಲಕ್ಷವನ್ನು ಬಿಡಿಸಿ ನೋಡಿ. 29 ಲಕ್ಷ ಅಂಗಡಿಯ ವಹಿವಾಟು, 5 ಲಕ್ಷ ಕೊಬ್ಬರಿ ಮಾರಿದ ಹಣ, 4 ಲಕ್ಷ ಅದೇ ಖಾತೆಯಿಂದ ತೆಗೆದು ಮತ್ತೆ ಕಟ್ಟಿದ್ದು. ಸಣ್ಣ ವ್ಯಾಪಾರಿಗಳ ಲಾಭವನ್ನು ವಹಿವಾಟಿನ ಇಂತಿಷ್ಟು ಪಾಲು ಎಂದು ಹಿಡಿಯುವ 44ಎಡಿಯ ಶೇ 8ರ ಅಳತೆ ಹಿಡಿದರೆ 29 ಲಕ್ಷಕ್ಕೆ ಲಾಭ 2.32 ಲಕ್ಷ. ಆ ವರ್ಷ 2.50 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ. ಸರಿಯಾಗಿ ಲೆಕ್ಕ ಕೊಟ್ಟಿದ್ದರೆ ಕಟ್ಟಬೇಕಿದ್ದದ್ದು ಸೊನ್ನೆ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ದಾಖಲೆಯಿಂದ ತುಂಬುವುದೇ ಮೇಲ್ಮನವಿಯ ಕೆಲಸ. ಅನ್ಯಾಯವಾಯಿತು ಎಂದು ಪುಟಗಟ್ಟಲೆ ಬರೆದು ಒಂದು ಬಿಲ್ಲನ್ನೂ ಲಗತ್ತಿಸದ ಮೇಲ್ಮನವಿಗಳನ್ನು ಕಂಡಾಗ ನನಗೆ ಸಿಟ್ಟೇ ಬರುತ್ತದೆ.

ಮೊದಲ ಹೆಜ್ಜೆ: ತಾರೀಖು ಮತ್ತು ಕಡತ

ಮೇಲ್ಮನವಿಗೆ ಇರುವುದು 30 ದಿನ. ಎಣಿಕೆ ಶುರುವಾಗುವುದು 156ರ ಡಿಮಾಂಡ್ ನೋಟಿಸ್ ನಿಮಗೆ ಜಾರಿಯಾದ ದಿನದಿಂದ. ಪೋರ್ಟಲ್‌ಗೆ ಲಾಗಿನ್ ಆಗಿ ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ಇರುವುದನ್ನೆಲ್ಲ ಇಳಿಸಿಕೊಳ್ಳಿ: ಹಳೆಯ ವರ್ಷದ ಪ್ರಕರಣ ಮರುತೆರೆಯುವ 148ಎ ಮತ್ತು 148ರ ನೋಟಿಸ್, ಪ್ರತಿಯೊಂದು 142(1), 144ರ ಕಾರಣ ಕೇಳುವ ನೋಟಿಸ್, ಆದೇಶ, ಲೆಕ್ಕದ ಹಾಳೆ, ದಂಡದ ನೋಟಿಸ್‌ಗಳು.

ಆಮೇಲೆ ಒಂದು ಹಾಳೆಯಲ್ಲಿ ಪ್ರತಿ ನೋಟಿಸ್‌ನ ತಾರೀಖು, ಅದು ಹೋದ ಇ-ಮೇಲ್ ವಿಳಾಸ, ಉತ್ತರಕ್ಕೆ ಕೊಟ್ಟ ದಿನಗಳು, ಏನು ಕೇಳಿದ್ದರು, ನೀವು ಏನು ಮಾಡಿದಿರಿ ಎಂಬುದನ್ನು ಬರೆಯಿರಿ. ಎಷ್ಟೋ ಪ್ರಕರಣಗಳಲ್ಲಿ ನೋಟಿಸ್‌ಗಳೆಲ್ಲ ಹತ್ತು ವರ್ಷದ ಹಿಂದೆ ಪ್ಯಾನ್ ಮಾಡಿಸಿಕೊಟ್ಟವರ ಇ-ಮೇಲ್‌ಗೆ ಹೋಗಿರುತ್ತವೆ. ಪೋರ್ಟಲ್‌ನಲ್ಲಿ ಹಾಕಿದ ಮಾತ್ರಕ್ಕೆ ನೋಟಿಸ್ ಜಾರಿಯಾದಂತೆ ಅಲ್ಲ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2024ರಲ್ಲಿ ಹೇಳಿದೆ. ಕಾರಣ ಕೇಳುವ ನೋಟಿಸ್ ಕೊಡದೆ 144ರ ಆದೇಶ ಮಾಡುವಂತಿಲ್ಲ. ಆದರೆ ಅದಕ್ಕೂ ಮೊದಲು 142(1)ರ ನೋಟಿಸ್ ಕೊಟ್ಟಿದ್ದರೆ ಈ ರಕ್ಷಣೆ ಇಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಇದನ್ನು ನೋಡದೆ ‘ನೋಟಿಸ್ ಕೊಟ್ಟಿಲ್ಲ’ ಎಂದು ಬರೆದರೆ ಮೊದಲ ಆಧಾರವೇ ಕುಸಿಯುತ್ತದೆ.

ಇದೇ ಹಾಳೆಯಲ್ಲಿ ಇನ್ನೂ ಮೂರು ವಿಷಯ ಪರಿಶೀಲಿಸಿ. 153ರಡಿ ಆದೇಶಕ್ಕಿದ್ದ ಕಾಲಮಿತಿ ಮೀರಿದೆಯೇ? ಪ್ರಕರಣ ಮರುತೆರೆದದ್ದಾದರೆ 148ಎ ಪ್ರಕ್ರಿಯೆ ಸರಿಯಾಗಿ ನಡೆದಿದೆಯೇ? 2019ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿರುವ ದಾಖಲೆ ಗುರುತಿನ ಸಂಖ್ಯೆ, ಅಂದರೆ ಡಿಐಎನ್, ಆದೇಶದ ಮೇಲಿದೆಯೇ?

ಯಾವ ದಾರಿ?

ಬರೀ ಕೂಡುವ ಕಳೆಯುವ ತಪ್ಪಾಗಿದ್ದರೆ 154ರ ತಿದ್ದುಪಡಿ ಅರ್ಜಿ ಸಾಕು. ಸಹಜ ನ್ಯಾಯವೇ ಉಲ್ಲಂಘನೆಯಾಗಿದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು, ಆದರೆ ‘ಮೇಲ್ಮನವಿ ಇದೆಯಲ್ಲ’ ಎಂಬ ಪ್ರಶ್ನೆ ಅಲ್ಲಿ ಎದುರಾಗಿಯೇ ತೀರುತ್ತದೆ. 264ರಡಿ ಪ್ರಧಾನ ಆಯುಕ್ತರ ಮುಂದೆ ಪುನರ್‌ಪರಿಶೀಲನೆ ಕೋರಲು ಒಂದು ವರ್ಷದ ಅವಕಾಶವಿದೆ, ಶುಲ್ಕ 500 ರೂಪಾಯಿ. ಅದಕ್ಕೆ ಮೇಲ್ಮನವಿಯ ಹಕ್ಕು ಬಿಟ್ಟುಕೊಡಬೇಕು ಅಥವಾ ಅದರ ಅವಧಿ ಮುಗಿದಿರಬೇಕು. ಅಲ್ಲಿನ ಆದೇಶದ ವಿರುದ್ಧ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವಂತಿಲ್ಲ. ಸತ್ಯಾಂಶದ ಜಗಳವಿರುವ 144ರ ಪ್ರಕರಣದಲ್ಲಿ, ನನ್ನ ಅಭಿಪ್ರಾಯದಲ್ಲಿ, ಮೇಲ್ಮನವಿಯೇ ಮೊದಲ ಆಯ್ಕೆ.

ಫಾರ್ಮ್ 35 ತುಂಬುವಾಗ

ಮೊದಲ ಮೇಲ್ಮನವಿ ಹೋಗುವುದು ಆಯುಕ್ತರು (ಮೇಲ್ಮನವಿ) ಅವರಿಗೆ. ಬಹುಪಾಲು ಪ್ರಕರಣಗಳು ಫೇಸ್‌ಲೆಸ್ ವ್ಯವಸ್ಥೆಯಲ್ಲೇ, ಅಂದರೆ ಅಧಿಕಾರಿಯನ್ನು ಮುಖಾಮುಖಿ ಕಾಣದೆ ಆನ್‌ಲೈನ್‌ನಲ್ಲೇ, ನಡೆಯುತ್ತವೆ. ಫಾರ್ಮ್ 35 ಅನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬೇಕು. ನಿಗದಿಯಾದ ಆದಾಯ 1 ಲಕ್ಷದವರೆಗಿದ್ದರೆ ಶುಲ್ಕ 250, 2 ಲಕ್ಷದವರೆಗೆ 500, ಅದಕ್ಕಿಂತ ಹೆಚ್ಚಿದ್ದರೆ 1,000 ರೂಪಾಯಿ. ದಂಡದ ವಿರುದ್ಧದ ಮೇಲ್ಮನವಿಗೆ 250.

ಹೆಚ್ಚು ಮಂದಿ ಎಡವುವುದು ಒಂದೇ ಒಂದು ಅಂಕಣದಲ್ಲಿ. ರಿಟರ್ನ್ಸ್ ಸಲ್ಲಿಸದವರು 249(4)(ಬಿ) ಪ್ರಕಾರ ತಾವು ಕಟ್ಟಬೇಕಿದ್ದ ಮುಂಗಡ ತೆರಿಗೆಯಷ್ಟು ಹಣವನ್ನು ಕಟ್ಟಿರಬೇಕು. ಕಟ್ಟಿದ್ದೀರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿ ಮುಂದೆ ಹೋದರೆ, ವಿಷಯದ ಒಳಗೇ ಹೋಗದೆ ಮೇಲ್ಮನವಿ ವಜಾ ಆಗುತ್ತದೆ. ನಮ್ಮ ವ್ಯಾಪಾರಿಯಂತೆ ತೆರಿಗೆ ಬೀಳುವಷ್ಟು ಆದಾಯವೇ ಇಲ್ಲದಿದ್ದರೆ ‘ಮುಂಗಡ ತೆರಿಗೆ ಕಟ್ಟುವ ಹೊಣೆಯೇ ಇರಲಿಲ್ಲ’ ಎಂದು ಲೆಕ್ಕದ ಸಮೇತ ಸತ್ಯಾಂಶಗಳ ಹೇಳಿಕೆಯಲ್ಲಿ ಬರೆಯಿರಿ. ಜೊತೆಗೆ ಆ ಉಪಬಂಧದಿಂದ ವಿನಾಯಿತಿ ಕೋರುವ ಪ್ರತ್ಯೇಕ ಅರ್ಜಿಯನ್ನೂ ಲಗತ್ತಿಸಿ. ಸ್ವಲ್ಪ ತೆರಿಗೆ ನಿಜವಾಗಿ ಬರುತ್ತಿದ್ದರೆ ಅದನ್ನು ಬಡ್ಡಿ ಸಹಿತ ಕಟ್ಟಿ ಚಲನ್ ಹಾಕಿಬಿಡಿ; ವಾದಿಸುವುದಕ್ಕಿಂತ ಅಗ್ಗ.

ನೋಟಿಸ್ ಬರಬೇಕಾದ ಇ-ಮೇಲ್ ನಿಮ್ಮದೇ ಇರಲಿ. ಮೊದಲ ಬಾರಿ ಕೆಟ್ಟದ್ದು ಅಲ್ಲೇ ತಾನೆ?

ಸತ್ಯಾಂಶಗಳ ಹೇಳಿಕೆಗೆ 1,000 ಪದ, ಒಂದೊಂದು ಆಧಾರಕ್ಕೂ 100 ಪದದ ಮಿತಿ ಇದೆ. ಆಧಾರಗಳನ್ನು ಹೀಗೆ ಜೋಡಿಸಬಹುದು: ಮೊದಲು ನೋಟಿಸ್ ಮತ್ತು ಅವಕಾಶದ ದೋಷ; ಆಮೇಲೆ ಮರುತೆರೆದದ್ದರಲ್ಲಿನ ಅಥವಾ ಕಾಲಮಿತಿಯ ದೋಷ; ಆಮೇಲೆ ಪ್ರತಿ ಮೊತ್ತಕ್ಕೆ ಪ್ರತ್ಯೇಕ ಆಧಾರ; ಆಮೇಲೆ ಪರ್ಯಾಯ ಕೋರಿಕೆ; ಕೊನೆಗೆ ಬಡ್ಡಿ. ಮೊತ್ತದ ಆಧಾರ ಒಂದು ಹೀಗಿರಲಿ:

‘38,00,000 ರೂಪಾಯಿಯ ಪೈಕಿ 29,00,000 ರೂಪಾಯಿ ಕಿರಾಣಿ ಮಾರಾಟದ ಹಣವಾಗಿದ್ದು, ಖರೀದಿ ಬಿಲ್ಲುಗಳು ಮತ್ತು ವಿತರಕರ ಖಾತೆಯ ಪ್ರತಿಗಳಿಂದ ಇದು ದೃಢಪಡುತ್ತದೆ. ನಿರ್ಧರಣಾ ಅಧಿಕಾರಿಯು ಪೂರ್ಣ ಮಾರಾಟದ ಮೊತ್ತವನ್ನೇ 69ಎ ಅಡಿ ಆದಾಯವೆಂದು ಸೇರಿಸಿರುವುದು ತಪ್ಪು. ಪರ್ಯಾಯವಾಗಿ, ಅದರಲ್ಲಿ ಅಡಗಿರುವ ಲಾಭಾಂಶಕ್ಕೆ ಮಾತ್ರ ತೆರಿಗೆ ವಿಧಿಸಬಹುದಿತ್ತು.’

ಪರ್ಯಾಯ ವಾದಗಳು ಒಂದಕ್ಕೊಂದು ಹೊಡೆಯಬಾರದು. ‘ಖಾತೆ ನನ್ನದಲ್ಲ’ ಎಂದೂ ‘ಖಾತೆಯ ಹಣ ವ್ಯಾಪಾರದ್ದು’ ಎಂದೂ ಒಂದೇ ಉಸಿರಿನಲ್ಲಿ ಹೇಳಿದರೆ ಎರಡನ್ನೂ ಯಾರೂ ನಂಬುವುದಿಲ್ಲ.

30 ದಿನ ಮೀರಿದ್ದರೆ 249(3)ರಡಿ ವಿಳಂಬ ಮನ್ನಿಸುವ ಅಧಿಕಾರವಿದೆ. ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1987ರ ಕಾತಿಜಿ ಪ್ರಕರಣದಲ್ಲಿ ಹೇಳಿದೆಯಾದರೂ, ಉದಾರತೆ ಸಿಗುವುದು ತಾರೀಖು ಸಮೇತ ಕಾರಣ ಹೇಳಿದವರಿಗೆ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಆದೇಶ ಮೊದಲ ಬಾರಿ ಕಣ್ಣಿಗೆ ಬಿದ್ದದ್ದು ಹೇಗೆ ಎಂಬುದರ ದಾಖಲೆ, ಪ್ರಮಾಣಪತ್ರ ಇವು ಇರಲಿ. ‘ಕಾರಣಾಂತರಗಳಿಂದ’ ಎಂಬ ಪದದಿಂದ ಏನೂ ಆಗುವುದಿಲ್ಲ.

ಹೊಸ ಪುರಾವೆ: ಪ್ರಕರಣ ಗೆಲ್ಲುವುದು ಇಲ್ಲೇ

144ರ ಪ್ರಕರಣದಲ್ಲಿ ನಿಮ್ಮ ಪ್ರತಿಯೊಂದು ಕಾಗದವೂ ಹೊಸ ಪುರಾವೆಯೇ, ಏಕೆಂದರೆ ಕೆಳಗೆ ಏನನ್ನೂ ಕೊಟ್ಟಿಲ್ಲ. ಆದಾಯ ತೆರಿಗೆ ನಿಯಮಗಳ 46ಎ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಇದಕ್ಕೆ ಬಾಗಿಲು ತೆರೆಯುತ್ತದೆ. ಸ್ವೀಕರಿಸಬೇಕಿದ್ದ ಪುರಾವೆಯನ್ನು ಅಧಿಕಾರಿ ನಿರಾಕರಿಸಿದ್ದು ಒಂದು. ಅಧಿಕಾರಿ ಕೇಳಿದ್ದನ್ನು ಸಕಾರಣವಾಗಿ ಕೊಡಲಾಗದೆ ಹೋದದ್ದು ಎರಡು. ಮೇಲ್ಮನವಿಯ ಆಧಾರಕ್ಕೆ ಸಂಬಂಧಿಸಿದ ಪುರಾವೆಯನ್ನು ಸಕಾರಣವಾಗಿ ಹಾಜರುಪಡಿಸಲಾಗದ್ದು ಮೂರು. ಸಾಕಷ್ಟು ಅವಕಾಶ ಕೊಡದೆ ಆದೇಶ ಮಾಡಿದ್ದು ನಾಲ್ಕು. ಇವುಗಳಲ್ಲಿ ನಿಮಗೆ ಯಾವುದು ಅನ್ವಯಿಸುತ್ತದೆ ಎಂದು ಹೆಸರಿಸಿ ಪ್ರತ್ಯೇಕ ಅರ್ಜಿ ಹಾಕಿ. ದಾಖಲೆಗಳನ್ನು ಸುಮ್ಮನೆ ಅಪ್‌ಲೋಡ್ ಮಾಡಿದರೆ ‘46ಎ ಅರ್ಜಿ ಇಲ್ಲ’ ಎಂಬ ಒಂದೇ ಸಾಲಿನಲ್ಲಿ ಅವೆಲ್ಲ ಹೊರಗುಳಿಯಬಹುದು.

ಕಡತ ಕಟ್ಟುವ ಕ್ರಮಕ್ಕೆ ಬರೋಣ. ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ನಗದು ಜಮೆಗೂ ಒಂದು ಸಾಲು: ತಾರೀಖು, ಮೊತ್ತ, ಮೂಲ, ಪುರಾವೆಯ ಪುಟಸಂಖ್ಯೆ. ‘ಜುಲೈ 12, 1,85,000, ಕೊಬ್ಬರಿ ಮಾರಾಟ, ಪುಟ 41’ ಎಂಬಂತೆ. ಪುಟ 41ರಲ್ಲಿ ಮಂಡಿಯವರ ಚೀಟಿ ಇರಬೇಕು, ಅದರ ಮೇಲಿನ ತಾರೀಖು ಜುಲೈ 12ಕ್ಕಿಂತ ಹಿಂದಿನದಾಗಿರಬೇಕು. ಕೊಬ್ಬರಿ ಮಾರುವ ಮೊದಲೇ ಹಣ ಬ್ಯಾಂಕಿಗೆ ಬಂದಿದ್ದರೆ ಆ ಸಾಲನ್ನು ನೀವೇ ಮತ್ತೊಮ್ಮೆ ಯೋಚಿಸಿ. ಅಧಿಕಾರಿ ಮೊದಲು ಹುಡುಕುವುದು ಇಂಥದ್ದನ್ನೇ. ತೋಟಕ್ಕೆ ಆ ವರ್ಷದ ಪಹಣಿ, ಅದರಲ್ಲಿ ಬೆಳೆಯ ಅಂಕಣದಲ್ಲಿ ತೆಂಗು ನಮೂದಾಗಿರಬೇಕು. ಅಂಗಡಿಗೆ ವ್ಯಾಪಾರ ಪರವಾನಗಿ, ಖರೀದಿ ಬಿಲ್ಲು, ವಿತರಕರ ಖಾತೆಯ ಪ್ರತಿ. ಖಾತೆಯಿಂದ ತೆಗೆದು ಮತ್ತೆ ಕಟ್ಟಿದ ಹಣಕ್ಕೆ ತೆಗೆದ ದಿನ, ಕಟ್ಟಿದ ದಿನ, ನಡುವೆ ಹಣ ಏಕೆ ಕೈಯಲ್ಲಿತ್ತು ಎಂಬ ಕಾರಣ. ಎಂಟು ತಿಂಗಳು ಮನೆಯಲ್ಲಿಟ್ಟಿದ್ದೆ ಎಂದರೆ ವಿವರಣೆ ಬೇಕಾಗುತ್ತದೆ.

ಪಹಣಿ, ಮಂಡಿ ಚೀಟಿಗಳು ಕನ್ನಡದಲ್ಲಿರುತ್ತವೆ. ಫೇಸ್‌ಲೆಸ್ ವ್ಯವಸ್ಥೆಯಲ್ಲಿ ನಿಮ್ಮ ಕಡತ ದೇಶದ ಯಾವ ಊರಿನ ಅಧಿಕಾರಿಯ ಮೇಜಿಗೂ ಹೋಗಬಹುದು, ಅವರಿಗೆ ಪಹಣಿ ಎಂದರೇನೆಂದೇ ತಿಳಿದಿರಲಿಕ್ಕಿಲ್ಲ. ಇಂಗ್ಲಿಷ್ ಅನುವಾದ ಲಗತ್ತಿಸಿ, ಅದು ಏನು ದಾಖಲೆ ಎಂದು ಎರಡು ಸಾಲು ಬರೆಯಿರಿ.

ಹೊಸ ಪುರಾವೆಯನ್ನು ಸ್ವೀಕರಿಸುವ ಮುನ್ನ ಆಯುಕ್ತರು ಕಾರಣ ದಾಖಲಿಸಬೇಕು. ಅದನ್ನು ಆಧರಿಸುವ ಮೊದಲು ನಿರ್ಧರಣಾ ಅಧಿಕಾರಿಗೂ ಪರಿಶೀಲಿಸಲು ಅವಕಾಶ ಕೊಡಬೇಕು. ಇದರಿಂದ ಬರುವುದೇ ರಿಮಾಂಡ್ ವರದಿ. ಈ ಹಂತದಲ್ಲಿ ಅಧಿಕಾರಿ 133(6)ರಡಿ ಮಾಹಿತಿ ಕೇಳಿ ಮಂಡಿಗೂ ವಿತರಕರಿಗೂ ಪತ್ರ ಬರೆಯಬಹುದು. ಅವರಿಗೆ ಮೊದಲೇ ಹೇಳಿಟ್ಟಿರಿ. ‘ನಮಗೆ ಗೊತ್ತಿಲ್ಲ’ ಎಂದೋ ಏನೂ ಹೇಳದೆಯೋ ಅವರು ಸುಮ್ಮನಾದರೆ ನಿಮ್ಮ ಚೀಟಿಗೆ ಬೆಲೆ ಹೋಗುತ್ತದೆ. ವರದಿಯ ಪ್ರತಿ ಕೇಳಿ ಪಡೆದು ಸಾಲು ಸಾಲಿಗೆ ಪ್ರತ್ಯುತ್ತರ ಕೊಡಿ.

ವಸೂಲಿಗೆ ತಡೆ

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. 220(6)ರಡಿ ನಿರ್ಧರಣಾ ಅಧಿಕಾರಿಗೆ ಪ್ರತ್ಯೇಕ ತಡೆ ಅರ್ಜಿ ಹೋಗಬೇಕು, ಅದೂ ಡಿಮಾಂಡ್‌ನ 30 ದಿನದೊಳಗೆ ಹೋದರೆ ಒಳ್ಳೆಯದು. ಇಲ್ಲದಿದ್ದರೆ 226(3)ರಡಿ ಬ್ಯಾಂಕಿಗೆ ನೇರ ಪತ್ರ ಹೋಗಿ ಖಾತೆಯ ಹಣ ಇಲಾಖೆಗೆ ಜಮೆಯಾಗುತ್ತದೆ.

ತಡೆಗೆ ಬೇಡಿಕೆಯ ಒಂದು ಪಾಲು ಕಟ್ಟಿಸಿಕೊಳ್ಳುವ ಪದ್ಧತಿ ನೇರ ತೆರಿಗೆಗಳ ಮಂಡಳಿಯ ಸೂಚನೆಗಳಿಂದ ಬಂದದ್ದು. 2016ರಲ್ಲಿ ಶೇ 15 ಎಂದಿದ್ದನ್ನು 2017ರ ಜುಲೈ 31ರಂದು ಶೇ 20ಕ್ಕೆ ಏರಿಸಲಾಯಿತು. ಅಂಕಿ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಸೂಚನೆಯನ್ನೇ ನೋಡಿ. ಈ ಪ್ರಮಾಣ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಅದಕ್ಕಿಂತ ಕಡಿಮೆ ಕಟ್ಟಿಸಿಕೊಂಡೂ ತಡೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅರ್ಜಿಯಲ್ಲಿ ಮೇಲ್ನೋಟಕ್ಕೆ ಪ್ರಕರಣ ಎಷ್ಟು ಗಟ್ಟಿ, ಹಣಕಾಸಿನ ಸ್ಥಿತಿ ಏನು, ಕಟ್ಟಿದರೆ ಸರಿಪಡಿಸಲಾಗದ ಯಾವ ಹಾನಿಯಾಗುತ್ತದೆ ಎಂಬ ಮೂರನ್ನೂ ಬರೆದು, ಶೇ 78ರ ಲೆಕ್ಕವನ್ನೂ ಸೊನ್ನೆಯ ಲೆಕ್ಕವನ್ನೂ ಅಕ್ಕಪಕ್ಕ ಇಡಿ. ನಿರಾಕರಿಸಿದರೆ ಪ್ರಧಾನ ಆಯುಕ್ತರಿಗೆ, ಅಲ್ಲೂ ಆಗದಿದ್ದರೆ ಹೈಕೋರ್ಟಿಗೆ.

ದಂಡಗಳು: ಪ್ರತಿಯೊಂದಕ್ಕೂ ಬೇರೆ ಹೋರಾಟ

ತೆರಿಗೆಯ ಮೇಲ್ಮನವಿಯೊಳಗೇ ದಂಡವೂ ಸೇರಿಕೊಂಡಿದೆ ಎಂದುಕೊಳ್ಳುವವರು ಬಹಳ. ಪ್ರತಿ ದಂಡದ ಆದೇಶಕ್ಕೂ ಅದರದೇ ಡಿಮಾಂಡ್, ಅದರದೇ 30 ದಿನ, ಅದರದೇ ಫಾರ್ಮ್ 35. ದಂಡ ಏಕೆ ಹಾಕಬಾರದು ಎಂದು ಕೇಳುವ 274ರ ನೋಟಿಸ್ ಬಂದಾಗಲೇ ‘ತೆರಿಗೆಯ ಮೇಲ್ಮನವಿ ಬಾಕಿ ಇದೆ, ಅದು ತೀರ್ಮಾನವಾಗುವವರೆಗೆ ದಂಡದ ಪ್ರಕ್ರಿಯೆ ತಡೆಹಿಡಿಯಿರಿ’ ಎಂದು ಫಾರ್ಮ್ 35ರ ಸ್ವೀಕೃತಿಯೊಂದಿಗೆ ಉತ್ತರಿಸಿ.

69ಎ ಸೇರ್ಪಡೆಗೆ ಅಂಟಿಕೊಂಡು ಬರುವುದು 271ಎಎಸಿ ದಂಡ. 115ಬಿಬಿಇಯ ಶೇ 60ರ ತೆರಿಗೆಯ ಮೇಲೆ ಶೇ 10, ನಮ್ಮ ಉದಾಹರಣೆಯಲ್ಲಿ 2.28 ಲಕ್ಷ. ಸೇರ್ಪಡೆ ರದ್ದಾದರೆ ಇದರ ಬುಡವೇ ಹೋಗುತ್ತದೆ. ಈ ದಂಡ ಹಾಕಿದ ಆದಾಯಕ್ಕೆ 270ಎ ದಂಡವನ್ನೂ ಹಾಕುವಂತಿಲ್ಲ. ಎರಡೂ ಬಂದಿದ್ದರೆ ಅದನ್ನೇ ಮೊದಲ ಆಧಾರ ಮಾಡಿ.

270ಎಯಲ್ಲಿ ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ 50, ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಶೇ 200. ನೋಟಿಸ್ ಯಾವುದನ್ನು ಆರೋಪಿಸುತ್ತಿದೆ ಎಂದು ಮೊದಲು ನೋಡಿ. ದಂಡದ ನೋಟಿಸ್ ಯಾವ ಆರೋಪಕ್ಕೆ ಎಂದು ನಿರ್ದಿಷ್ಟವಾಗಿ ಹೇಳದಿದ್ದರೆ ನಿಲ್ಲುವುದಿಲ್ಲ ಎಂಬ ತತ್ವವನ್ನು ದೇಶದುದ್ದಕ್ಕೂ ಬಳಕೆಗೆ ತಂದದ್ದು ನಮ್ಮ ಕರ್ನಾಟಕ ಹೈಕೋರ್ಟ್, ಮಂಜುನಾಥ ಕಾಟನ್ ಅಂಡ್ ಜಿನ್ನಿಂಗ್ ಫ್ಯಾಕ್ಟರಿ ಪ್ರಕರಣದಲ್ಲಿ. ಆ ತೀರ್ಪು ಹಳೆಯ 271(1)(ಸಿ) ಕುರಿತದ್ದು, 270ಎ ಪ್ರಕರಣದಲ್ಲಿ ಅದರ ತತ್ವವನ್ನು ವಾದಿಸಬೇಕು. 270ಎ(6) ಸದ್ಭಾವನೆಯ ವಿವರಣೆಗೂ ಕೆಲವು ಬಗೆಯ ಅಂದಾಜುಗಳಿಗೂ ವಿನಾಯಿತಿ ಕೊಡುತ್ತದೆ. ಇನ್ನೊಂದು ಎಚ್ಚರಿಕೆ: 270ಎಎ ಅಡಿ ದಂಡದಿಂದ ಮುಕ್ತಿ ಕೋರುವ ಫಾರ್ಮ್ 68 ಇದೆಯಲ್ಲ, ಅದಕ್ಕೆ ತೆರಿಗೆ ಬಡ್ಡಿ ಪೂರ್ತಿ ಕಟ್ಟಬೇಕು, ಮೇಲ್ಮನವಿ ಹಾಕಿರಬಾರದು. ಸಣ್ಣ ಮೊತ್ತಕ್ಕೆ ಒಳ್ಳೆಯ ದಾರಿ. 38 ಲಕ್ಷದ ಸೇರ್ಪಡೆ ಇದ್ದವರು ಅತ್ತ ನೋಡುವುದೂ ಬೇಡ.

ನೋಟಿಸ್‌ಗೆ ಉತ್ತರಿಸದ್ದಕ್ಕೆ 272ಎ(1)(ಡಿ), ಪ್ರತಿ ತಪ್ಪಿಗೆ 10,000 ರೂಪಾಯಿ. ತೆರಿಗೆಯ ಪ್ರಕರಣ ಗೆದ್ದರೂ ಇದು ತಾನಾಗಿ ಹೋಗುವುದಿಲ್ಲ, ಏಕೆಂದರೆ ಇದು ಸುಮ್ಮನಿದ್ದದ್ದಕ್ಕೆ ಬಿದ್ದ ದಂಡ. ಇಲ್ಲಿ ನೆರವಿಗೆ ಬರುವುದು 273ಬಿ: ಸಕಾರಣ ತೋರಿಸಿದರೆ ದಂಡವಿಲ್ಲ. ಲೆಕ್ಕ ಇಡದ್ದಕ್ಕೆ 271ಎ, ಆಡಿಟ್ ಮಾಡಿಸದ್ದಕ್ಕೆ 271ಬಿ ಬಂದಿದ್ದರೂ ಇದೇ ಗುರಾಣಿ. 270ಎಗೆ ಇದು ಅನ್ವಯಿಸುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಮಾಡಿದ ಇ-ಮೇಲ್ ಪಟ್ಟಿ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ವಿಚಾರಣೆ ಮತ್ತು ಕೋರಿಕೆ

250ರಡಿ ಮೇಲ್ಮನವಿಯ ವಿಚಾರಣೆಯ ನೋಟಿಸ್ ಬಂದಾಗ ಉತ್ತರಿಸಲೇಬೇಕು. ಕೋರಿದರೆ ವಿಡಿಯೊ ಮೂಲಕ ವಿಚಾರಣೆ ಸಿಗುತ್ತದೆ. ಲೆಕ್ಕ ಜಟಿಲವಾಗಿದ್ದರೆ ಕೇಳಿ ಪಡೆಯಿರಿ. ನೀವು ಹಾಜರಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ವಜಾ ಮಾಡುವಂತಿಲ್ಲ, ವಿಷಯದ ಮೇಲೆ ಕಾರಣ ಸಹಿತ ತೀರ್ಮಾನಿಸಬೇಕು ಎಂದು 250(6) ಹೇಳುತ್ತದೆ, ಬಾಂಬೆ ಹೈಕೋರ್ಟ್ 2016ರಲ್ಲಿ ಅದನ್ನು ಎತ್ತಿಹಿಡಿದಿದೆ. ಹಾಗೆಂದು ಇಲ್ಲೂ ಸುಮ್ಮನಿದ್ದರೆ ಮುಂದೆ ನ್ಯಾಯಮಂಡಳಿ ಪ್ರಕರಣ ಹಿಂದಕ್ಕೆ ಕಳಿಸುವಾಗ ನಿಮ್ಮ ಮೇಲೆ ವೆಚ್ಚ ಹೇರಬಹುದು.

2024ರ ಅಕ್ಟೋಬರ್ 1ರಿಂದ ಒಂದು ದೊಡ್ಡ ಬದಲಾವಣೆಯಾಗಿದೆ. 144ರ ಆದೇಶವನ್ನು ರದ್ದುಪಡಿಸಿ ಹೊಸದಾಗಿ ನಿರ್ಧರಿಸಲು ಕೆಳಗೆ ಕಳಿಸುವ ಅಧಿಕಾರ 251ರಡಿ ಆಯುಕ್ತರಿಗೆ ಸಿಕ್ಕಿದೆ. ಕಡತದಲ್ಲಿ ಏನೂ ಇಲ್ಲದಿದ್ದರೆ ಅವರಿಗೆ ಇದೇ ಸುಲಭ. ಪುರಾವೆ ಪಕ್ಕಾ ಇದ್ದವರು ‘ವಿಷಯದ ಮೇಲೆಯೇ ತೀರ್ಮಾನಿಸಿ’ ಎಂದು ಮುಖ್ಯವಾಗಿ ಕೋರಿ, ವಾಪಸಾತಿಯನ್ನು ಪರ್ಯಾಯವಾಗಿ ಮಾತ್ರ ಇಡಬೇಕು. ಕೆಳಗೆ ಹೋದರೆ ಇನ್ನೊಂದು ಸುತ್ತು, ಇನ್ನಷ್ಟು ಕಾಲ. ಇದರ ಜೊತೆಗೆ ಆದಾಯವನ್ನು ಹೆಚ್ಚಿಸುವ ಅಧಿಕಾರವೂ ಆಯುಕ್ತರಿಗಿದೆ, ನಿಮ್ಮ ಮಾತು ಕೇಳಿದ ಬಳಿಕ. ಬೇಡದ ಖಾತೆಗಳ ವಿವರವನ್ನು ಉತ್ಸಾಹದಲ್ಲಿ ತುರುಕುವ ಮೊದಲು ಯೋಚಿಸಿ.

ಸೋತರೆ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಫಾರ್ಮ್ 36. ಗಡುವು, ಆದೇಶ ತಲುಪಿದ ತಿಂಗಳ ಕೊನೆಯಿಂದ 2 ತಿಂಗಳು. ಆದಾಯ 2 ಲಕ್ಷ ಮೀರಿದ್ದರೆ ಶುಲ್ಕ ನಿಗದಿಯಾದ ಆದಾಯದ ಶೇ 1, ಗರಿಷ್ಠ 10,000. ಅದಾದ ಮೇಲೆ 260ಎ ಅಡಿ ಹೈಕೋರ್ಟ್, 120 ದಿನದೊಳಗೆ, ಅದೂ ಕಾನೂನಿನ ಗಣನೀಯ ಪ್ರಶ್ನೆ ಇದ್ದರೆ ಮಾತ್ರ. ಸತ್ಯಾಂಶದ ಕೊನೆಯ ಮೆಟ್ಟಿಲು ನ್ಯಾಯಮಂಡಳಿಯೇ, ಹಾಗಾಗಿ ಯಾವ ಚೀಟಿಯನ್ನೂ ‘ಮುಂದೆ ಕೊಡೋಣ’ ಎಂದು ಇಟ್ಟುಕೊಳ್ಳಬೇಡಿ.

ಗೆದ್ದರೆ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಆಯುಕ್ತರ ಆದೇಶವನ್ನು ಜಾರಿಗೊಳಿಸುವ ಆದೇಶವನ್ನು ನಿರ್ಧರಣಾ ಅಧಿಕಾರಿ ಮಾಡಬೇಕು. ತಡೆಗೆಂದು ಕಟ್ಟಿದ ಹಣ 244ಎ ಅಡಿ ತಿಂಗಳಿಗೆ ಶೇ 0.5 ಬಡ್ಡಿಯೊಂದಿಗೆ ವಾಪಸ್ ಬರಬೇಕು. ಪತ್ರ ಬರೆದು ಕೇಳಿ, ಪೋರ್ಟಲ್‌ನ ಬಾಕಿ ಬೇಡಿಕೆಯ ಪುಟದಲ್ಲಿ ಆ ವರ್ಷದ ತೆರಿಗೆಯೂ ಅದಕ್ಕೆ ಅಂಟಿದ ದಂಡವೂ ಅಳಿಸಿಹೋಗುವವರೆಗೆ ನೋಡುತ್ತಿರಿ. ಅಲ್ಲಿ ಉಳಿದ ಹಳೆಯ ಅಂಕಿಯನ್ನು ಇಲಾಖೆ 245ರಡಿ ನಿಮ್ಮ ಮುಂದಿನ ವರ್ಷದ ರೀಫಂಡ್‌ಗೆ ಹೊಂದಿಸಿಕೊಂಡುಬಿಡುತ್ತದೆ.